ನಕ್ಷತ್ರ ಕಾಣುವ ಚಪ್ಪರ

ಕಾರಿನ ಮುಂದೆ ಕಟ್ಟಿದ್ದ ಚೆಂಡುಹೂವಿನ ಮಾಲೆ ಇನ್ನೂ ಪೂರ್ತಿ ಬಾಡಿರಲಿಲ್ಲ. ಬಾನೆಟ್ಟಿನ ಮೇಲೆ ಅರಿಸಿನ ಕುಂಕುಮದ ಮೂರು ಬೊಟ್ಟು. ಆಯುಧಪೂಜೆ ಮುಗಿದು ಎರಡು ದಿನವಾಗಿತ್ತು, ವಿಜಯದಶಮಿ ನಿನ್ನೆಯಷ್ಟೇ ಕಳೆದಿತ್ತು. 2025ರ ಅಕ್ಟೋಬರ್ 3, ಶುಕ್ರವಾರ ಬೆಳಿಗ್ಗೆ ಆ ಕಾರು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಹೈಲ್ಯಾಂಡ್ ಪಾರ್ಕ್ ಎಂಬ ಪುಟ್ಟ ಊರಿನ ಯಹೂದಿ ಶಿಶುವಿಹಾರವೊಂದರ ಮುಂದೆ ನಿಂತಿತು. ಹಿಂದಿನ ಸೀಟಿನಿಂದ ಇಳಿದವಳು ನಾಲ್ಕು ವರ್ಷದ ಕನ್ನಡದ ಹುಡುಗಿ. ತಾಯಿ ಸಾಗರದ ಕಡೆಯವರು, ತಂದೆ ದಾವಣಗೆರೆಯವರು, ಮನೆ ಪಕ್ಕದ ಎಡಿಸನ್‌ನಲ್ಲಿ. ನಾನು ಅವರ ಮನೆಯ ಅತಿಥಿ. ಯಹೂದಿಗಳ ಶರತ್ಕಾಲದ ಹಬ್ಬಗಳು ಮಕ್ಕಳ ಕೋಣೆಯೊಳಗೆ ಹೇಗೆ ನಡೆಯುತ್ತವೆ ನೋಡಬೇಕೆಂದು ಒಂದು ದಿನದ ಅನುಮತಿ ಪಡೆದು ಜೊತೆಗೆ ಹೋಗಿದ್ದೆ.

ಕನ್ನಡದ ಮಗು ಇಲ್ಲಿಗೇಕೆ ಎಂದು ತಾಯಿಯನ್ನು ಕೇಳಿದ್ದಕ್ಕೆ ಸಿಕ್ಕಿದ್ದು ಅಡುಗೆಮನೆಯ ಉತ್ತರ. ಈ ಶಾಲೆಯಲ್ಲಿ ಕೋಷರ್ ನಿಯಮ ಇದೆ, ಮಾಂಸವನ್ನೂ ಹಾಲಿನ ಪದಾರ್ಥವನ್ನೂ ಬೆರೆಸುವಂತಿಲ್ಲ. ಹಾಗಾಗಿ ಮಾಂಸವೇ ಒಳಗೆ ಬರುವುದಿಲ್ಲ. ಸಸ್ಯಾಹಾರಿ ಮನೆಯವರಿಗೆ ಅದೊಂದು ನೆಮ್ಮದಿ. ಬೀಜಗಳ ಅಲರ್ಜಿಯ ಕಾರಣಕ್ಕೆ ಶೇಂಗಾ ಚಟ್ನಿಪುಡಿ ಮಾತ್ರ ಡಬ್ಬಿಗೆ ಹಾಕುವಂತಿಲ್ಲ.

ಬಾಗಿಲಿಗಿಂತ ಮೊದಲು ಸಿಗುವವನು ಕಾವಲುಗಾರ. 2018ರ ಅಕ್ಟೋಬರ್ 27ರಂದು ಪಿಟ್ಸ್‌ಬರ್ಗಿನ ಟ್ರೀ ಆಫ್ ಲೈಫ್ ಎಂಬ ಸಿನಗಾಗಿನಲ್ಲಿ, ಅಂದರೆ ಯಹೂದಿ ಪ್ರಾರ್ಥನಾ ಮಂದಿರದಲ್ಲಿ, ಬಂದೂಕುಧಾರಿಯೊಬ್ಬ 11 ಮಂದಿಯನ್ನು ಕೊಂದ ಮೇಲೆ ಇಲ್ಲಿನ ಯಹೂದಿ ಸಂಸ್ಥೆಗಳ ಬಾಗಿಲುಗಳು ಬಿಗಿಯಾಗಿವೆ. ನಾನು ಹೋದ ಹಿಂದಿನ ದಿನವೇ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಯೋಮ್ ಕಿಪ್ಪುರ್ ಹಬ್ಬದ ಪ್ರಾರ್ಥನೆಗೆ ಸೇರಿದ್ದವರ ಮೇಲೆ ದಾಳಿಯಾಗಿ ಇಬ್ಬರು ಸತ್ತಿದ್ದರು. ಗೇಟಿನಲ್ಲಿ ಅಂದು ಒಬ್ಬನ ಬದಲು ಇಬ್ಬರು ನಿಂತಿದ್ದರು. ನನ್ನ ಪಾಸ್‌ಪೋರ್ಟನ್ನು ಎರಡು ಸಲ ನೋಡಿದರು. ಮಕ್ಕಳಿಗೆ ಇದ್ಯಾವುದೂ ಗೊತ್ತಿಲ್ಲ. ಅವರ ಪಾಲಿಗೆ ಕಾವಲುಗಾರ ಅಂಗೈಗೆ ಅಂಗೈ ತಟ್ಟಿ ಒಳಗೆ ಬಿಡುವ ಮಾಮ. ತಟ್ಟಿಸಿಕೊಳ್ಳದೆ ಒಳಗೆ ಹೋಗಲು ಒಪ್ಪದ ಪೋರನೊಬ್ಬ ತಾಯಿಯ ಕೈ ಬಿಡಿಸಿಕೊಂಡು ವಾಪಸು ಓಡಿಬಂದ.

ಕೋಣೆಯೊಳಗೆ ಕಾಲಿಟ್ಟರೆ ಬಣ್ಣ, ಅಂಟು ಮತ್ತು ಜೇನುತುಪ್ಪದ ವಾಸನೆ. ಗೋಡೆಯ ಮೇಲೆ ಎರಡು ವಾರದ ಹಬ್ಬಗಳು ಪದರ ಪದರವಾಗಿ ಅಂಟಿಕೊಂಡಿವೆ. ಸೇಬನ್ನು ಅಡ್ಡಕ್ಕೆ ಕೊಯ್ದು ಬಣ್ಣದಲ್ಲಿ ಅದ್ದಿ ಒತ್ತಿದ ಮುದ್ರೆಗಳು, ಪ್ರತಿಯೊಂದರ ನಡುವೆ ಬೀಜದ ಗೂಡಿನ ನಕ್ಷತ್ರ. ಅದು ಹೊಸವರ್ಷದ ಹಬ್ಬ ರೋಶ್ ಹಶನಾದ್ದು, ವರ್ಷ ಸಿಹಿಯಾಗಲೆಂದು ಸೇಬನ್ನು ಜೇನಿನಲ್ಲಿ ಅದ್ದಿ ತಿನ್ನುವ ದಿನ. ಮೇಜಿನ ಮೇಲೆ ಟಗರಿನ ಕೊಂಬು, ಶೋಫಾರ್. ಊದಿದವರಿಗೆಲ್ಲ ದನಿ ಬರುವುದಿಲ್ಲ. ಮೂಲೆಯಲ್ಲಿ ಬೆಡ್‌ಶೀಟಿನಿಂದ ಮಾಡಿದ ತಿಮಿಂಗಿಲದಂಥ ಮೀನು, ಒಳಗೆ ಮೂವರು ಕೂರಬಹುದು. ಉಪವಾಸ ಮತ್ತು ಪಶ್ಚಾತ್ತಾಪದ ದಿನವಾದ ಯೋಮ್ ಕಿಪ್ಪುರ್‌ನ ಮಧ್ಯಾಹ್ನ ಮೀನಿನ ಹೊಟ್ಟೆ ಸೇರಿದ ಯೋನನ ಕಥೆ ಓದುತ್ತಾರೆ. ದೊಡ್ಡವರು ಉಪವಾಸ ಕೂರುವ ಮುನ್ನ ಚಿಕ್ಕವರು ಒಬ್ಬರಿಗೊಬ್ಬರು ಕ್ಷಮೆ ಕೇಳಿಕೊಂಡಿದ್ದಾರೆ. ‘ನಿನ್ನ ಗೋಪುರ ಬೀಳಿಸಿದ್ದು ನಾನು’ ಎಂದು ಒಪ್ಪಿಕೊಂಡ ಚೀಟಿಯೂ ಗೋಡೆಯಲ್ಲಿದೆ, ಮಗು ಹೇಳಿದ್ದು, ಟೀಚರ್ ಬರೆದದ್ದು.

ಟೀಚರನ್ನು ಇಲ್ಲಿ ‘ಮೋರಾ’ ಎನ್ನುತ್ತಾರೆ, ಹೀಬ್ರೂ ಭಾಷೆಯಲ್ಲಿ ಕಲಿಸುವವಳು. ಐವತ್ತರ ಆಸುಪಾಸಿನ ಈ ಮೋರಾ ಕಿಟಕಿಯಿಂದ ಕಾರನ್ನು ನೋಡಿದ್ದರು. ಮಕ್ಕಳು ಜಮಖಾನದ ಮೇಲೆ ದುಂಡಗೆ ಕೂತ ಕೂಡಲೇ ಕನ್ನಡದ ಹುಡುಗಿಯನ್ನು ಕೇಳಿದರು: ‘ನಿಮ್ಮ ಕಾರಿಗೆ ಯಾರೋ ಹೂ ಮುಡಿಸಿದ್ದಾರಲ್ಲ?’

‘ಅದಕ್ಕೆ ಹಬ್ಬ’ ಎಂದಳು ಹುಡುಗಿ. ಮಿಕ್ಸಿಗೂ ಹಬ್ಬ, ಅಪ್ಪನ ಲ್ಯಾಪ್‌ಟಾಪಿಗೂ ಹಬ್ಬ, ತನ್ನ ಸೈಕಲ್ಲಿಗೂ ಹಬ್ಬ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟದ್ದನ್ನು, ಅದು ಪಚಕ್ಕೆಂದದ್ದನ್ನು ಎದ್ದುನಿಂತು ಅಭಿನಯಿಸಿದಳು. ವರ್ಷವಿಡೀ ಕೆಲಸ ಮಾಡುತ್ತವಲ್ಲ, ಅದಕ್ಕೆ ಅಂತ ಅಮ್ಮ ಹೇಳಿದಳಂತೆ.

ಮೋರಾ ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಕಥೆ ಶುರು ಮಾಡಿದರು. ಈಜಿಪ್ಟಿನ ನೈಲ್ ನದಿಯ ನೀರನ್ನು ಕೋಲಿನಿಂದ ಹೊಡೆಯಬೇಕಾಗಿ ಬಂತು. ತನ್ನ ಜನರನ್ನು ಅಲ್ಲಿನ ದಾಸ್ಯದಿಂದ ಬಿಡಿಸಲು ಹೊರಟಿದ್ದ ಮೋಶೆ ತಾನು ಹೊಡೆಯಲಿಲ್ಲ, ಅಣ್ಣ ಆರೋನನ ಕೈಯಿಂದ ಹೊಡೆಸಿದ. ಏಕೆಂದರೆ ಮೋಶೆ ಹಸುಗೂಸಾಗಿದ್ದಾಗ ಬುಟ್ಟಿಯಲ್ಲಿ ತೇಲಿಸಿ ಕಾಪಾಡಿದ್ದು ಅದೇ ನೀರು. ‘ನೀರಿಗೆ ನೋವಾಗುತ್ತದಾ?’ ಎಂದು ಒಬ್ಬ ಕೇಳಿದ. ‘ನೀರಿಗೆ ಆಗುವುದಿಲ್ಲ. ಮೋಶೆಗೆ ನೆನಪಿತ್ತು’ ಎಂದರು ಮೋರಾ. ಬೈಬಲ್ಲಿಗೆ ಟೀಕೆ ಬರೆದ 11ನೇ ಶತಮಾನದ ರಾಶಿ ಎಂಬ ಪಂಡಿತನೂ ಹೀಗೆಯೇ ವಿವರಿಸುತ್ತಾನೆ. ನನಗೆ ಮಾತ್ರ ಕೇಳಿಸಿದ್ದು ನಮ್ಮ ಅಜ್ಜಿಯ ದನಿ: ಉಂಡ ಮನೆಗೆ ಎರಡು ಬಗೆಯಬೇಡ.

ಉಪಕಾರ ಮರೆಯದ ಈ ಗುಣಕ್ಕೆ ಹೀಬ್ರೂನಲ್ಲಿ ‘ಹಕಾರತ್ ಹತೋವ್’ ಎನ್ನುತ್ತಾರೆ. ಒಳಿತನ್ನು ಗುರುತು ಹಿಡಿಯುವುದು ಎಂದು ಅರ್ಥ. ಥ್ಯಾಂಕ್ಸ್ ಎಂದು ಬಾಯಲ್ಲಿ ಹೇಳುವುದು ಆಮೇಲಿನ ಮಾತು, ಮೊದಲು ಕಣ್ಣಿಗೆ ಬೀಳಬೇಕು. ನಮ್ಮೂರುಗಳಲ್ಲಿಯೂ ಧನ್ಯವಾದ ಎಂಬುದು ಭಾಷಣದ ಪದವಾಗಿಯೇ ಉಳಿದಿದೆ. ಬಾಯಾರಿದವನಿಗೆ ನೀರು ಕೊಟ್ಟರೆ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎನ್ನುತ್ತಾನೆ. ಕೊಟ್ಟವರ ಹೊಟ್ಟೆಯನ್ನು ನೆನೆಯುವುದು, ಅದೂ ಗುರುತು ಹಿಡಿದಂತೆಯೇ.

‘ಈ ಕೋಣೆಯಲ್ಲಿ ನಮಗಾಗಿ ದಿನಾ ಕೆಲಸ ಮಾಡುವುದು ಯಾವುದು, ಹುಡುಕಿ’ ಎಂದರು ಮೋರಾ. ಹದಿನಾಲ್ಕು ಮಕ್ಕಳೂ ಎದ್ದರು. ಹಿಂದಿನ ಐದು ನಿಮಿಷ ಗಲಾಟೆ ಮಾಡಿದ್ದವರು ಕಳೆದ ವಸ್ತು ಹುಡುಕುವವರಂತೆ ಮೌನವಾಗಿ ಓಡಾಡಿದರು. ಒಬ್ಬಳು ನಲ್ಲಿ ಮುಟ್ಟಿದಳು. ಒಬ್ಬ ಬಾಗಿಲಿನ ಹಿಂಬದಿಯ ಕೋಟಿನ ಗೂಟ ತೋರಿಸಿದ. ಕುಳ್ಳನೆಯ ಹುಡುಗನೊಬ್ಬ ಸಿಂಕಿನ ಕೆಳಗಿದ್ದ ಪ್ಲಾಸ್ಟಿಕ್ ಸ್ಟೂಲನ್ನು ಎಳೆದು ತಂದು ಅದರ ಪಕ್ಕದಲ್ಲೇ ನೆಲಕ್ಕೆ ಕೂತ, ಅಂದು ಬೆಳಿಗ್ಗೆ ಮಾತ್ರ ಅದರ ಮೇಲೆ ಹತ್ತಲು ಒಪ್ಪಲಿಲ್ಲ. ನಾನು ಎಷ್ಟೋ ಶಾಲೆಗಳಲ್ಲಿ ಕೃತಜ್ಞತೆಯ ಪಾಠ ಕೇಳಿದ್ದೇನೆ. ಮಗುವೊಂದು ಸ್ಟೂಲಿನ ಕಡೆ ಹೀಗೆ ನೋಡಿದ್ದನ್ನು ಕಂಡಿರಲಿಲ್ಲ.

ಆಮೇಲೆ ಮೋರಾ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದನ್ನೂ ಬರೆಯಬೇಕು. ‘ವಸ್ತುವಿಗೆ ಪೂಜೆ ಮಾಡುವುದು ನಮ್ಮ ಧರ್ಮದಲ್ಲಿಲ್ಲ. ಅದನ್ನು ಮಕ್ಕಳ ಮುಂದೆ ಮಸುಕು ಮಾಡಲಾರೆ. ಅವಳ ಮನೆಯ ಹಬ್ಬವನ್ನು ಸಣ್ಣದು ಮಾಡಲೂ ಆರೆ.’ ಆ ಎಚ್ಚರ ನನಗೆ ಹಿಡಿಸಿತು. ಎಲ್ಲ ಒಂದೇ ಎಂದು ತೇಲಿಸಿಬಿಡುವುದು ಸುಲಭವಿತ್ತು.

ಬಾಗಿಲ ಪಕ್ಕದಲ್ಲಿ ಕಂದು ಕಾಗದದ ಮರವೊಂದು ನಿಂತಿದೆ. ನವೆಂಬರಿನ ನಾಲ್ಕನೇ ಗುರುವಾರ ಬರುವ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದವರೆಗೆ ಅದಕ್ಕೆ ದಿನಕ್ಕೊಂದಿಷ್ಟು ಎಲೆ ಅಂಟಿಸುತ್ತಾರೆ. ಯಾವುದರಿಂದ ಒಳ್ಳೆಯದಾಯಿತೆಂದು ಮಗು ಹೇಳಿದ ಮಾತು ಎಲೆಯ ಮೇಲೆ ಹೇಳಿದಂತೆಯೇ ಇರಬೇಕು, ತಿದ್ದುವಂತಿಲ್ಲ. ‘ಲಿಫ್ಟು.’ ‘ತಮ್ಮ ನಿದ್ದೆ ಮಾಡಿದ.’ ‘ಫೋನಿನಲ್ಲಿರುವ ಅಜ್ಜಿ.’ ಈ ಮರದ ಕೆಳಗೆ ನಿಂತು ಮೋರಾ ನನಗೊಂದು ಪದ ಹೇಳಿಕೊಟ್ಟರು, ‘ಹೋದು’. ಹೀಬ್ರೂನಲ್ಲಿ ಇದಕ್ಕೆ ಕೃತಜ್ಞತೆ ಸಲ್ಲಿಸಿರಿ ಎಂಬ ಅರ್ಥವಿದೆ. ಥ್ಯಾಂಕ್ಸ್‌ಗಿವಿಂಗ್ ಊಟದ ಟರ್ಕಿ ಕೋಳಿಗೂ ಇದೇ ಹೆಸರು, ಪೂರ್ತಿ ಹೇಳಿದರೆ ಅದು ಭಾರತದ ಹುಂಜ. ಏಕೆಂದರೆ ಹೋದು ಎಂದರೆ ಭಾರತ. ಬೈಬಲ್ಲಿನ ಎಸ್ತೇರಳ ಗ್ರಂಥದ ಮೊದಲ ವಾಕ್ಯದಲ್ಲೇ ನಮ್ಮ ದೇಶ ಈ ಹೆಸರಿನಲ್ಲಿ ಬರುತ್ತದೆ. ಯಹೂದಿ ಎಂಬ ಹೆಸರಿನಲ್ಲೂ ಅದೇ ಕೃತಜ್ಞತೆಯಿದೆ, ಅದರ ಮೂಲ ಯೆಹೂದಾ. ಬೈಬಲ್ಲಿನ ಲೇಯಾ ಎಂಬ ತಾಯಿ ತನ್ನ ನಾಲ್ಕನೇ ಮಗನಿಗೆ ದೇವರಿಗೆ ಕೃತಜ್ಞಳೆಂದು ಇಟ್ಟ ಹೆಸರು ಅದು. ಹೋದು ಎಂದರೆ ಭಾರತ ಎಂಬುದು ಹುಡುಗಿಗೆ ಆಗಲೇ ಗೊತ್ತು. ‘ನಾನು ಹೋದು’ ಎಂದು ಎದೆ ತಟ್ಟಿಕೊಂಡಳು.

ಕಚೇರಿಯಲ್ಲಿ ಕೊಟ್ಟ ಕರಪತ್ರದ ಇತಿಹಾಸ ಇಷ್ಟು. ಉತ್ತರ ಅಮೆರಿಕಕ್ಕೆ ಯಹೂದಿಗಳ ಮೊದಲ ಗುಂಪು ಬಂದದ್ದು 1654ರಲ್ಲಿ, ಬ್ರೆಜಿಲ್‌ನ ರೆಸಿಫೆಯಿಂದ ಇಂದಿನ ನ್ಯೂಯಾರ್ಕಿಗೆ, 23 ಜನ. ಹೈಲ್ಯಾಂಡ್ ಪಾರ್ಕ್ ಪ್ರತ್ಯೇಕ ಊರಾದದ್ದು 1905ರಲ್ಲಿ. ರ‍್ಯಾರಿಟನ್ ನದಿಯ ದಂಡೆ, ಜನಸಂಖ್ಯೆ ಸುಮಾರು 15 ಸಾವಿರ, ಆಚೆ ದಡದಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯವಿರುವ ನ್ಯೂ ಬ್ರನ್ಸ್‌ವಿಕ್. ವಾರದ ವಿಶ್ರಾಂತಿಯ ದಿನವಾದ ಶಬ್ಬತ್‌ನಂದು ವಾಹನ ಹತ್ತದ ಕುಟುಂಬಗಳು ಸಿನಗಾಗಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಮನೆ ಮಾಡಿಕೊಂಡಿವೆ. ಯಹೂದಿ ಪಂಚಾಂಗದಲ್ಲಿ ಅಂದಿಗೆ 5786ನೇ ವರ್ಷ.

ಪಂಚಾಂಗದ ಮಾತು ಬಂದದ್ದಕ್ಕೆ ಒಂದು ವಿಷಯ. ಅವರದೂ ನಮ್ಮಂತೆ ಚಂದ್ರನ ತಿಂಗಳು. ಸೂರ್ಯನ ಲೆಕ್ಕಕ್ಕೆ ಹೊಂದಿಸಲು 19 ವರ್ಷಕ್ಕೆ ಏಳು ಅಧಿಕ ಮಾಸ. ಆ ವರ್ಷ ಎರಡೂ ಪಂಚಾಂಗ ಹೆಗಲಿಗೆ ಹೆಗಲು ಕೊಟ್ಟು ನಡೆದಿದ್ದವು. ನವರಾತ್ರಿಯ ಪಾಡ್ಯ ಮತ್ತು ರೋಶ್ ಹಶನಾದ ಸಂಜೆ ಎರಡೂ ಸೆಪ್ಟೆಂಬರ್ 22, ವಿಜಯದಶಮಿ ಮತ್ತು ಯೋಮ್ ಕಿಪ್ಪುರ್ ಎರಡೂ ಅಕ್ಟೋಬರ್ 2. ಮುಂದಿನ ಸೋಮವಾರ ಸಂಜೆ, ಹುಣ್ಣಿಮೆಗೆ, ಸುಗ್ಗಿಯ ಹಬ್ಬ ಸುಕ್ಕೋತ್ ಶುರು. ಏಳು ದಿನ ಚಪ್ಪರದಲ್ಲಿ ಊಟ. ಈಜಿಪ್ಟಿನ ದಾಸ್ಯದಿಂದ ಹೊರಟವರು ಮರುಭೂಮಿಯಲ್ಲಿ 40 ವರ್ಷ ತಂಗಿದ ಗುಡಾರಗಳ ನೆನಪಿಗೆ.

ಆ ಚಪ್ಪರ ಏಳುತ್ತಿದ್ದದ್ದು ಪಾರ್ಕಿಂಗ್ ಜಾಗದಲ್ಲಿ. ಕಟ್ಟುತ್ತಿದ್ದವರು ಕಟ್ಟಡದ ಉಸ್ತುವಾರಿ ನೋಡಿಕೊಳ್ಳುವ, ಅರವತ್ತು ದಾಟಿದ, ಡೊಮಿನಿಕನ್ ಗಣರಾಜ್ಯದಿಂದ ಬಂದ ಕ್ಯಾಥೊಲಿಕ್ ಹಿರಿಯರು. ಇಪ್ಪತ್ತೆರಡು ವರ್ಷದಿಂದ ಪ್ರತಿ ಶರತ್ಕಾಲ ಇವರದೇ ಕೈ. ನಿಯಮಗಳು ಬಾಯಿಪಾಠ: ಕನಿಷ್ಠ ಎರಡು ಗೋಡೆ, ಮೂರನೆಯದು ಸ್ವಲ್ಪವಾದರೂ ಇರಬೇಕು. ಮಾಡಿಗೆ ಹೊದಿಸುವುದು ಮಣ್ಣಿನಲ್ಲಿ ಬೆಳೆದು ಕಡಿದದ್ದಾಗಿರಬೇಕು, ಅಂದು ಜೋಳದ ದಂಟಿನ ಕಟ್ಟುಗಳು ಬಂದಿದ್ದವು. ಹಗಲು ಬಿಸಿಲಿಗಿಂತ ನೆರಳು ಹೆಚ್ಚಿರಬೇಕು, ರಾತ್ರಿ ಸಂದಿಯಲ್ಲಿ ನಕ್ಷತ್ರ ಕಾಣಬೇಕು. ಚಪ್ಪರಕ್ಕೂ ಆಕಾಶಕ್ಕೂ ನಡುವೆ ಏನೂ ಇರಬಾರದು.

ತಕರಾರು ಇರುವುದು ಈ ಕೊನೆಯ ನಿಯಮದಲ್ಲಿ. ಶಾಲೆಯ ಅಂಗಳದಲ್ಲಿ ಸಮತಟ್ಟಾದ ಜಾಗ ಒಂದೇ ಒಂದು, ಅದರ ಮೇಲೆ ಮೇಪಲ್ ಮರ ಕೊಂಬೆ ಚಾಚಿದೆ. ಮರದಡಿಯ ಚಪ್ಪರ ಲೆಕ್ಕಕ್ಕಿಲ್ಲ. ಬಿಸಿಲು ಬೀಳುವ ಮೂಲೆಯಲ್ಲಿ ಸಿಮೆಂಟಿನ ಕಟ್ಟೆ ಕಟ್ಟಿದ ಮರಳುಗುಂಡಿ. ಹಾಗಾಗಿ ಪ್ರತಿ ವರ್ಷ ಹನ್ನೊಂದು ಕಾರು ನಿಲ್ಲುವ ಜಾಗದಲ್ಲಿ ನಾಲ್ಕು ಚಪ್ಪರಕ್ಕೆ ಹೋಗುತ್ತವೆ. ತಾಯಂದಿರು ಮಗುವನ್ನು ಎತ್ತಿಕೊಂಡು ಎರಡು ಬೀದಿ ನಡೆಯುತ್ತಾರೆ. ಅಕ್ಕಪಕ್ಕದ ಮನೆಯವರು ವೈಪರಿಗೆ ಚೀಟಿ ಸಿಕ್ಕಿಸುತ್ತಾರೆ. ‘ಮರಳುಗುಂಡಿಯನ್ನು ಮರದಡಿಗೆ ತಳ್ಳಿ, ಮಕ್ಕಳಿಗೆ ನೆರಳೂ ಆಯಿತು ಅಂತ ಹೇಳುತ್ತಲೇ ಇದ್ದೇನೆ. ನಾಲ್ಕು ಜನ ಮುಖ್ಯಸ್ಥರು ಬದಲಾದರು, ಗುಂಡಿ ಅಲ್ಲೇ ಇದೆ’ ಎಂದರು ಆ ಹಿರಿಯರು. ನಾನೂ ಹೋಗಿ ಹೆಜ್ಜೆಯಲ್ಲಿ ಅಳೆದು ನೋಡಿದೆ. ಅವರು ಹೇಳುವುದು ಸರಿ. ಬೇಸಿಗೆ ರಜೆಯಲ್ಲಿ ಒಂದು ವಾರದ ಕೆಲಸ. ಕಾವಲಿಗೆ, ಬೀಗಕ್ಕೆ, ಕ್ಯಾಮೆರಾಗೆ ಹಣ ಸುರಿಯಬೇಕಾದ ಶಾಲೆಗೆ ಮರಳುಗುಂಡಿ ಕೊನೆಯ ಸಾಲಿನಲ್ಲಿ ಉಳಿದಿದೆ. ಹಾಗೆಂದು ಅವರ ಕೈ ನಿಧಾನವಾಗಿರಲಿಲ್ಲ. ಮಕ್ಕಳು ಮಾಡಿದ ಕಾಗದದ ಸರಪಳಿ, ಒಣಗಿದ ಸೋರೆಬುರುಡೆಗಳನ್ನು ಒಂದೊಂದಾಗಿ ಕಟ್ಟುವಾಗ, ಯಾವುದು ಯಾರದೆಂದು ಕೇಳಿ, ಆ ಮಗುವಿನ ಕಣ್ಣಿನ ಎತ್ತರಕ್ಕೆ ಇಳಿಬಿಡುತ್ತಿದ್ದರು.

ಹನ್ನೊಂದಕ್ಕೆ ಮೋರಾ ಒಂದು ಪೆಟ್ಟಿಗೆ ತೆರೆದರು. ನಾರಿನ ಹಾಸಿನೊಳಗೆ ಹಳದಿ ಹಣ್ಣು, ಉಬ್ಬುತಗ್ಗಿನ ಸಿಪ್ಪೆ. ಅವರು ‘ಎತ್ರೋಗ್’ ಎಂದರು, ಮೂಗಿಗೆ ಹಿಡಿದ ಕೂಡಲೇ ನಾನು ‘ಮಾದಲ’ ಎಂದೆ. ಕೊಲ್ಹಾಪುರದ ಮಹಾಲಕ್ಷ್ಮಿಯ ಕೈಯಲ್ಲಿರುವ ಮಾತುಲುಂಗ ಇದೇ. ಸುಕ್ಕೋತ್‌ನಲ್ಲಿ ಇದನ್ನು ಎಡಗೈಯಲ್ಲಿ, ಖರ್ಜೂರದ ಎಳೆಗರಿಯನ್ನು ಮರ್ಟಲ್ ಮತ್ತು ವಿಲ್ಲೋ ಟೊಂಗೆಗಳೊಂದಿಗೆ ಕಟ್ಟಿ ಬಲಗೈಯಲ್ಲಿ ಹಿಡಿದು ನಾಲ್ಕು ದಿಕ್ಕಿಗೂ ಮೇಲಕ್ಕೂ ಕೆಳಕ್ಕೂ ಅಲುಗಿಸುತ್ತಾರೆ. ಹಣ್ಣಿನ ತುದಿಯ ಮೊಗ್ಗಿನಂಥ ಮೊನೆ ಇದ್ದರೆ ಅದು ಮುರಿಯಬಾರದು. ಅದಕ್ಕೇ ಮಕ್ಕಳು ಉಸಿರು ಬಿಗಿಹಿಡಿದು ಕೈಯಿಂದ ಕೈಗೆ ದಾಟಿಸಿದರು. ಹಬ್ಬ ಮುಗಿದ ಮೇಲೆ ಕೆಲವರು ಜಾಮ್ ಮಾಡುತ್ತಾರಂತೆ. ನಮ್ಮ ಕಡೆ ಉಪ್ಪಿನಕಾಯಿ ಹಾಕುತ್ತೇವೆ ಎಂದಾಗ ಮೋರಾ ವಿಧಾನ ಬರೆದುಕೊಂಡರು.

ಮಧ್ಯಾಹ್ನ ಶಬ್ಬತ್‌ನ ಸ್ವಾಗತ. ದೀಪ, ದ್ರಾಕ್ಷಿರಸ, ಈ ಹಬ್ಬದ ದಿನಗಳಲ್ಲಿ ದುಂಡಗೆ ಸುತ್ತಿ ಸುಡುವ ಹಲ್ಲಾ ಎಂಬ ಬ್ರೆಡ್ಡು. ಅದಕ್ಕೂ ಮೊದಲು ತವರದ ಡಬ್ಬಿಗೆ ಚಿಲ್ಲರೆ ಹಾಕಬೇಕು. ಅದರ ಹೆಸರು ‘ತ್ಸೆದಾಕಾ’, ದಾನ ಎಂದು ನಾವು ಅನುವಾದಿಸಿದರೂ ಪದದ ಬೇರು ನ್ಯಾಯ. ಕೊಡುವುದು ಔದಾರ್ಯವಲ್ಲ, ಬಾಕಿ ತೀರಿಸಿದ ಹಾಗೆ. ನಾಣ್ಯ ಬಿದ್ದ ಸದ್ದಿಗೆ ಹದಿನಾಲ್ಕು ಮುಖಗಳೂ ಅರಳಿದವು.

ಮೂರು ಗಂಟೆಗೆ ತಾಯಿ ಬಂದರು. ಚಪ್ಪರ ನೋಡುತ್ತಲೇ ಫೋನು ತೆಗೆದು ಮೋರಾಗೆ ಒಂದು ಚಿತ್ರ ತೋರಿಸಿದರು. ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆ ಎಳೆಯಾಗಿ ಚಿತ್ತಾರ ಬರೆದ ಬಿದಿರಿನ ಬುಟ್ಟಿ. ಸಾಗರ, ಸೊರಬದ ದೀವರ ಸಮುದಾಯದ ಮನೆಗಳ ಭೂಮಣ್ಣಿ ಬುಟ್ಟಿ. ಸುಕ್ಕೋತ್ ಶುರುವಾಗುವ ಇದೇ ಹುಣ್ಣಿಮೆಗೆ ಅಲ್ಲಿ ಭೂಮಿ ಹುಣ್ಣಿಮೆ. ತೆನೆ ಕಟ್ಟುವ ಹೊತ್ತಿನ ಭೂಮಿ ಬಸುರಿ ಎಂದು, ರಾತ್ರಿಯಿಡೀ ಅಡುಗೆ ಮಾಡಿ, ಬೆಳಗಿನ ಜಾವ ಈ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಹೋಗಿ ಚರಗ ಚೆಲ್ಲುತ್ತಾರೆ. ಪುಂಡಿನಾರಿನ ಕುಂಚದಿಂದ ಅಂಥ ಗೆರೆ ಎಳೆಯುವ ಕೈಗಳು ಊರಲ್ಲಿ ಕಡಿಮೆಯಾಗಿವೆ. ಪಕ್ಕದ ಮನೆಯ ಈ ಬುಟ್ಟಿ ಬರೆದವರಿಗೆ ಕಣ್ಣು ಮಂಜಾಗಿದೆ ಎಂದು ಹೇಳುವಾಗ ಆಕೆಯ ದನಿ ಸಣ್ಣದಾಯಿತು. ಮೋರಾ ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿ ಬಹಳ ಹೊತ್ತು ನೋಡಿದರು. ಸೋಮವಾರದೊಳಗೆ ಅದರದೊಂದು ಪ್ರಿಂಟ್ ಬೇಕು, ಚಪ್ಪರದ ಗೋಡೆಗೆ, ಎಂದರು.

ಹೊರಡುವ ಮುನ್ನ ಹುಡುಗಿ ತನ್ನ ಎಲೆ ಅಂಟಿಸಿಲ್ಲವೆಂದು ನೆನಪಾಗಿ ಒಳಗೆ ಓಡಿದಳು. ನಾವು ಚಪ್ಪರದ ಕೆಳಗೆ ಕಾದೆವು. ಉಸ್ತುವಾರಿಯ ಹಿರಿಯರು ಏಣಿಯ ಮೇಲಿನಿಂದ ಕೊನೆಯ ಕಟ್ಟು ಬಿಚ್ಚಿ ಹರವುತ್ತಿದ್ದರು, ದಂಟಿನ ಹೊಟ್ಟು ನಮ್ಮ ತಲೆಯ ಮೇಲೆ ಉದುರುತ್ತಿತ್ತು. ಹುಡುಗಿ ಹಿಂದಿರುಗಿ ಬಂದಾಗ ಏನು ಬರೆಸಿದೆ ಎಂದು ಕೇಳಿದೆ.

‘ಏಣಿ’ ಎಂದಳು.