ಮನೆ ಕೊಳ್ಳುವ ಮುನ್ನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಕಟ್ಟಿದ ಮನೆಯನ್ನು ಕೊಳ್ಳುವವರಿಗೆ ಅವರು ಏನನ್ನೂ ಹೇಳಲಿಲ್ಲ. ಹಿರಿಯರ ಮನೆಯನ್ನು ಮಾರುವವರು ಆಗ ವಿರಳವಾಗಿದ್ದರು. ಇಂದು ಹಾಗಿಲ್ಲ. ಮಕ್ಕಳು ಹುಬ್ಬಳ್ಳಿ, ಬೆಂಗಳೂರು ಸೇರಿದ ಮೇಲೆ ಹಳ್ಳಿಯ ಹಳೆಯ ಮನೆಗಳು ಮಾರಾಟಕ್ಕೆ ಬರುತ್ತಿವೆ. ಕೊಳ್ಳುವವರು ಉತಾರ ನೋಡುತ್ತಾರೆ, ಬೋಜಾ ಇದೆಯೇ ಎಂದು ವಿಚಾರಿಸುತ್ತಾರೆ, ವಾಸ್ತುವನ್ನೂ ಕೇಳುತ್ತಾರೆ. ಆದರೆ ಆ ಮನೆಯ ನೀರು, ಗೋಡೆ, ಗಾಳಿಗಳು ಅಲ್ಲಿ ಬಾಳುವವರ ದೇಹಕ್ಕೆ ಹಿತವೇ ಎಂದು ಕೇಳುವವರು ಎಷ್ಟು ಜನ?

ಕಲಘಟಗಿ ತಾಲೂಕಿನ ತಂಬೂರದಲ್ಲಿ ಬೀಗರ ಹಂಚಿನ ಮನೆಯೊಂದನ್ನು ಕೊಳ್ಳುವ ಮಾತು ನಡೆದಾಗ ನಾವೂ ಈ ಪ್ರಶ್ನೆಯನ್ನು ಮೊದಲು ಕೇಳಿಕೊಂಡಿರಲಿಲ್ಲ. ಸಂಚಕಾರ ಕೊಡುವ ಮುನ್ನಾದಿನ ಹಿತ್ತಲಿಗೆ ಹೋದಾಗ ಬಾವಿಗೂ ಶೌಚದ ಗುಂಡಿಗೂ ಇಪ್ಪತ್ತು ಅಡಿಯ ಅಂತರವೂ ಇಲ್ಲದಿರುವುದು ಕಣ್ಣಿಗೆ ಬಿದ್ದಿತು. ಅಳತೆಯ ಟೇಪು ತರಿಸಿದೆವು. ಆಗ ಮನೆಯ ಅಜ್ಜಿ, "ಬೀಗರ ಮನಿ ನೋಡಾಕ ಬಂದೀರೋ, ತನಿಖಿ ಮಾಡಾಕ ಬಂದೀರೋ?" ಎಂದರು. ನಾವು ಸಂಕೋಚದಿಂದ ತಲೆ ತಗ್ಗಿಸಿದೆವು. ಆದರೆ ಅದೇ ಬಾವಿಯ ನೀರನ್ನು ನಮ್ಮ ಮನೆಯ ಕೈಗೂಸು ಕುಡಿಯಬೇಕಾಗಿತ್ತು.

ಗುಂಡಿಗೂ ಬಾವಿಗೂ ಕನಿಷ್ಠ ಐವತ್ತು ಅಡಿ ಅಂತರವಿರಬೇಕೆಂಬುದು ಸಾಮಾನ್ಯ ನಿಯಮ. ಇಲ್ಲವಾದರೆ ರೋಗಾಣುಗಳೂ ನೈಟ್ರೇಟೂ ನೀರಿಗೆ ಸೇರುತ್ತವೆ. ಲೀಟರಿಗೆ 45 ಮಿಲಿಗ್ರಾಂ ಮೀರಿದ ನೈಟ್ರೇಟು ಕೂಸುಗಳ ರಕ್ತದ ಪ್ರಾಣವಾಯು ಒಯ್ಯುವ ಶಕ್ತಿಯನ್ನೇ ಕುಗ್ಗಿಸಬಲ್ಲದು. ಕೊಳವೆ ಬಾವಿಯಾದರೆ ಫ್ಲೋರೈಡನ್ನೂ ಪರೀಕ್ಷಿಸಬೇಕು. ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರುವುದು ಲೇಸು, 1.5 ಮೀರಿದ ನೀರು ಕುಡಿಯಲು ಯೋಗ್ಯವಲ್ಲ. ವರ್ಷಾನುಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ, ಹಿರಿಯರ ಕೀಲುಗಳಲ್ಲಿ ಬಿಗಿತ ಬರುತ್ತವೆ. ಕಾಯಿಸಿದರೆ ರೋಗಾಣು ಸಾಯುತ್ತದೆಯೇ ಹೊರತು ನೈಟ್ರೇಟು, ಫ್ಲೋರೈಡುಗಳು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವುಗಳ ಪ್ರಮಾಣ ಏರುತ್ತದೆ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯದಲ್ಲಿ ನೀರಿನ ಪರೀಕ್ಷೆಗೆ ಅವಕಾಶವುಂಟು.

ಎರಡನೆಯದು ಗೋಡೆ. 2019ರ ಆಗಸ್ಟಿನ ಮಳೆಗೆ ಧಾರವಾಡ ಜಿಲ್ಲೆಯಲ್ಲಿ ಅನೇಕ ಮಣ್ಣಿನ ಮನೆಗಳು ಕುಸಿದುದನ್ನು ನಾವು ಮರೆತಿಲ್ಲ. ನವಲಗುಂದ, ಅಣ್ಣಿಗೇರಿಗಳ ಎರೆಭೂಮಿ ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಅಲ್ಲಿ ಬಿರುಕಿನ ಭಯ. ಮಲೆನಾಡಿನ ಸೆರಗಿನ ಕಲಘಟಗಿಯಲ್ಲಿ ತೇವದ ಭಯ. ಗೋಡೆಯ ಬುಡ ಒದ್ದೆಯಾಗಿ ಬೂಷ್ಟು ಹಿಡಿದಿದ್ದರೆ ದಮ್ಮಿನ ರೋಗಿಗಳಿಗೆ ಆ ಕೋಣೆ ಸಲ್ಲದು. ಸುಣ್ಣ ಬಳಿದು ಅದನ್ನು ಮುಚ್ಚಿರಬಹುದು; ಆದುದರಿಂದ ಮನೆಯನ್ನು ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ನೋಡುವುದು ಜಾಣತನ.

ಬಾಗಿಲ ಚೌಕಟ್ಟಿನ ಹಳೆಯ ಬಣ್ಣ ಹಕ್ಕಳೆ ಏಳುತ್ತಿದೆಯೇ? ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಮಿತಿಗೊಳಿಸಿದ ನಿಯಮ ಜಾರಿಗೆ ಬಂದುದು 2017ರಲ್ಲಿ. ಅದಕ್ಕೆ ಹಿಂದಿನ ಬಣ್ಣದ ಪುಡಿ ಮಕ್ಕಳ ಬಾಯಿಗೆ ಹೋದರೆ ಬುದ್ಧಿಯ ಬೆಳವಣಿಗೆಗೇ ಕುಂದು. ಒಣದಾಗಿ ಉಜ್ಜದೆ, ನೀರು ಹಾಕಿ ಕೆರೆಯಬೇಕು. ದನದ ಕೊಟ್ಟಿಗೆಯ ಹಳೆಯ ಸಿಮೆಂಟ್ ತಗಡುಗಳಲ್ಲಿ ಕಲ್ನಾರು ಇರುವುದುಂಟು. ಒಡೆದಾಗ, ಕೊರೆದಾಗ ಏಳುವ ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಅಟ್ಟದ ಮೇಲೆ ಹತ್ತಿಗೆ ಹೊಡೆದು ಉಳಿದ ಕೀಟನಾಶಕದ ಡಬ್ಬಿಗಳಿದ್ದರೆ ಮಾರುವವರಿಂದಲೇ ತೆಗೆಸಬೇಕು.

ಬಯಲುಸೀಮೆಯ ಹಳೆಯ ಮನೆಗಳಲ್ಲಿ ಹಗೇವು ಎಲ್ಲಿದೆಯೆಂದು ಕೇಳದೆ ಮುಂದುವರಿಯಬಾರದು. ಮುಚ್ಚಿದ ಹಗೇವಿನಲ್ಲಿ ಜೋಳ ಉಸಿರಾಡಿ ಪ್ರಾಣವಾಯುವನ್ನು ತೀರಿಸುತ್ತದೆ; ಇಂಗಾಲದ ಡೈಆಕ್ಸೈಡು ಕೆಳಗೆ ಮಡುಗಟ್ಟುತ್ತದೆ. ಇಳಿಬಿಟ್ಟ ದೀಪ ನಂದಿದರೆ ಅಪಾಯ ನಿಶ್ಚಿತ, ನಂದದಿದ್ದರೂ ಅಭಯವಿಲ್ಲ. ಬಾಯಿ ತೆರೆದು ಬಹಳ ಹೊತ್ತು ಗಾಳಿಯಾಡಿಸದೆ ಯಾರೂ ಇಳಿಯಬಾರದು. ಒಳಗೆ ಒಬ್ಬನು ಬಿದ್ದನೆಂದು ಮತ್ತೊಬ್ಬನು ಹಾಗೆಯೇ ಧುಮುಕಿದರೆ ಎರಡು ಮನೆಗಳ ದೀಪ ಆರುತ್ತವೆ. ಬಳಕೆಯಿಲ್ಲದ ಹಗೇವನ್ನು ಗರಸು ತುಂಬಿ ಗಟ್ಟಿ ಮಾಡಿಸುವುದೇ ಸರಿ.

ತಂಬೂರದ ಬಾವಿಯ ನೀರಿನಲ್ಲಿ ನೈಟ್ರೇಟು ಮಿತಿ ಮೀರಿತ್ತು. ವರದಿಯನ್ನು ಅಜ್ಜಿಯವರ ಎದುರಿಗೇ ಓದಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ನಮ್ಮ ಮೊಮ್ಮಕ್ಕಳೂ ಇದನ್ನ ಕುಡದಾರಲ್ಲೋ" ಎಂದರು. ಗುಂಡಿಯನ್ನು ಬೇರೆಡೆ ತೆಗೆಸುವ ಖರ್ಚನ್ನು ಅರ್ಧರ್ಧ ಹಂಚಿಕೊಂಡೆವು. ಕುಡಿಯಲು ನಳದ ನೀರು ಹಿಡಿದೆವು. ಹಿತ್ತಲ ಗೋಡೆಯನ್ನು ಮಳೆಗೆ ಮುಂಚೆ ಕಟ್ಟಿಸಿದೆವು. ಆಮೇಲೆಯೇ ಮನೆ ತುಂಬಿದೆವು.

ಬೀಗತನವೇನೂ ಕೆಡಲಿಲ್ಲ. ಮನೆಯನ್ನು ಪರೀಕ್ಷಿಸುವುದು ಮಾರುವವರ ಮೇಲಿನ ಸಂಶಯವಲ್ಲ. ಅಲ್ಲಿ ಬಾಳಿದವರ ಮೇಲೂ ಬಾಳಲಿರುವವರ ಮೇಲೂ ಇರುವ ಕಾಳಜಿ. ಓದುಗ ಬಂಧುಗಳು ಕೊಳ್ಳುವ ಮನೆಯನ್ನಷ್ಟೇ ಅಲ್ಲ, ತಾವಿರುವ ಮನೆಯನ್ನೂ ಒಮ್ಮೆ ಈ ಕಣ್ಣಿನಿಂದ ನೋಡಲಿ.