ಸಮಾಧಿಯೊಳಗಿನ ಸಾಕ್ಷ್ಯ

ಬ್ಯಾಂಕುಗಳನ್ನೂ ರೈಲುಗಳನ್ನೂ ಕೊಳ್ಳೆಹೊಡೆದು ಹೆಸರಾದ ಅಮೆರಿಕದ ದರೋಡೆಕೋರ ಜೆಸ್ಸಿ ಜೇಮ್ಸ್. 1882ನೆಯ ಏಪ್ರಿಲ್ 3ರಂದು, ಮಿಸೌರಿ ಸಂಸ್ಥಾನದ ಸೇಂಟ್ ಜೋಸೆಫ್ ಪಟ್ಟಣದ ತನ್ನ ಮನೆಯಲ್ಲಿ ಅವನು ಗೋಡೆಯ ಚಿತ್ರಪಟವೊಂದನ್ನು ಸರಿಪಡಿಸುತ್ತಿದ್ದಾಗ, ಅವನ ತಂಡದವನೇ ಆದ ರಾಬರ್ಟ್ ಫೋರ್ಡ್ ಹಿಂದಿನಿಂದ ಗುಂಡು ಹಾರಿಸಿ ಕೊಂದನು.

ಸತ್ತವನು ಬೇರೊಬ್ಬನೆಂದು ವದಂತಿ ಹಬ್ಬಿತು. ‘ನಾನೇ ಜೆಸ್ಸಿ’ ಎಂದವರೂ ಉಂಟು! ಅವರಲ್ಲೊಬ್ಬನಾದ ಫ್ರಾಂಕ್ ಡಾಲ್ಟನ್ 1951ರಲ್ಲಿ ಟೆಕ್ಸಾಸಿನಲ್ಲಿ ತೀರಿಕೊಂಡನು.

1995ರಲ್ಲಿ ಪ್ರಾಧ್ಯಾಪಕ ಜೇಮ್ಸ್ ಸ್ಟಾರ್ಸ್ ಅವರ ನೇತೃತ್ವದಲ್ಲಿ ಜೆಸ್ಸಿಯ ಸಮಾಧಿಯನ್ನು ಅಗೆಯಲಾಯಿತು. ಎಲುಬುಗಳು ಶಿಥಿಲವಾಗಿದ್ದವು, ಹಲ್ಲುಗಳೇ ಮುಖ್ಯ ಆಧಾರವಾದವು. ಹಲ್ಲಿನ ಗಟ್ಟಿಯಾದ ಹೊರಪದರವು ಒಳಭಾಗವನ್ನು ಬಹುಕಾಲ ಕಾಪಾಡುತ್ತದೆ. ಜೀವಕೋಶದ ಮೈಟೋಕಾಂಡ್ರಿಯಗಳಲ್ಲಿಯೂ ಡಿ.ಎನ್.ಎ. ಇರುವುದಷ್ಟೆ. ಒಂದು ಕೋಶದಲ್ಲಿ ಇದರ ಪ್ರತಿಗಳು ನೂರಾರು ಇರುವುದರಿಂದ, ಹಳೆಯ ಅವಶೇಷಗಳಲ್ಲಿಯೂ ಕೆಲವಾದರೂ ಉಳಿದಿರುವ ಸಂಭವವುಂಟು. ಇದು ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಗಂಡುಮಕ್ಕಳಿಂದ ಮುಂದಕ್ಕೆ ಸಾಗುವುದಿಲ್ಲ. ಹಾಗಾಗಿ ಜೆಸ್ಸಿಯ ಸ್ವಂತ ಮಕ್ಕಳ ವಂಶ ಇಲ್ಲಿ ನಿರುಪಯೋಗಿ! ತಂಗಿ ಸೂಸನ್ನಳಿಂದ ತಾಯಿಯ ಕಡೆಯಿಂದಲೇ ಇಳಿದುಬಂದ ಇಬ್ಬರ ಮಾದರಿಗಳನ್ನು ಪರೀಕ್ಷಿಸಿದರು. ಅವು ಹಲ್ಲಿನ ಡಿ.ಎನ್.ಎ.ಯೊಡನೆ ಹೊಂದಿದವು.

ಇಷ್ಟರಿಂದಲೇ ಸಂದೇಹ ಪೂರ್ಣವಾಗಿ ನೀಗಿತೆನ್ನಲಾಗದು. ಅಣ್ಣ ಫ್ರಾಂಕನ ಹಲ್ಲಾಗಿದ್ದರೂ ಫಲಿತಾಂಶ ಇದೇ ಆಗುತ್ತಿತ್ತು. ಆದರೆ ಫ್ರಾಂಕ್ 1915ರವರೆಗೆ ಬದುಕಿದ್ದನು. ಈ ಚರಿತ್ರೆಯನ್ನು ಜೊತೆಗಿಟ್ಟು ನೋಡಿದರೆ ಮಾತ್ರ ಸಮಾಧಿಯಲ್ಲಿದ್ದವನು ಜೆಸ್ಸಿಯೇ ಎಂಬ ತೀರ್ಮಾನ ಬಲವಾಗುತ್ತದೆ.

ಆದರೂ ಡಾಲ್ಟನನ ಪಕ್ಷದವರು ಒಪ್ಪಲಿಲ್ಲ. 2000ದಲ್ಲಿ ಅವನ ಸಮಾಧಿಯನ್ನೂ ಅಗೆಸಿದರು. ದೊರೆತದ್ದು ಮೂರನೆಯವನೊಬ್ಬನ ದೇಹ!