ಮೆಮೊರಿಯಲ್ಲಿ ಯಾರಿಗೆ ಜಾಗ?

ಬ್ಯಾಂಕಿನ ಖಾತೆಗಳ ಟೇಬಲ್ಲಿಗೆ ದಿನವಿಡೀ ಎರಡು ಬಗೆಯ ಪ್ರಶ್ನೆಗಳು ಬರುತ್ತವೆ. ಎಟಿಎಂ ಮುಂದೆ ನಿಂತವರಿಗೆ ಬೇಕಾದದ್ದು ಒಂದೇ ಖಾತೆ, ಆದರೆ ಅದರ ಎಲ್ಲ ವಿವರ. ಮುಖ್ಯ ಕಚೇರಿಯ ಅಧಿಕಾರಿಗೆ ಬೇಕಾದದ್ದು ಕೋಟಿ ಖಾತೆಗಳ ಒಂದೆರಡು ವಿವರ: ಯಾವ ಶಾಖೆಯಲ್ಲಿ ಒಟ್ಟು ಠೇವಣಿ ಎಷ್ಟು? ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ರಿಲೇಷನಲ್ ಮಾದರಿಯನ್ನು ಮುಂದಿಟ್ಟಾಗ, ದತ್ತಾಂಶವನ್ನು ಒಳಗೆ ಹೇಗೆ ಜೋಡಿಸಿದೆ ಎಂಬ ಗೊಡವೆ ಬಳಸುವವರಿಗೆ ಇರಬಾರದು ಎಂದಿದ್ದರು. ಗೊಡವೆ ಇಲ್ಲದಿರಬಹುದು, ಆದರೆ ಕಾಯುವುದು ತಪ್ಪುವುದಿಲ್ಲ. ಒಂದೊಂದು ಖಾತೆಯನ್ನೂ ಇಡೀ ಸಾಲಾಗಿ ಇಟ್ಟರೆ ಎಟಿಎಂಗೆ ಅನುಕೂಲ. ಠೇವಣಿಯ ಕಾಲಮ್ಮನ್ನೇ ಬೇರೆಯಾಗಿ ಇಟ್ಟರೆ ಅಧಿಕಾರಿಗೆ ಅನುಕೂಲ.

2014ರಲ್ಲಿ ಒರಾಕಲ್ ಕಂಪನಿ ತನ್ನ 12ಸಿ ಡೇಟಾಬೇಸಿನಲ್ಲಿ ಎರಡನ್ನೂ ಇಟ್ಟುಕೊಳ್ಳುವ ದಾರಿ ಹಿಡಿಯಿತು. ಡಿಸ್ಕಿನಲ್ಲಿ ಟೇಬಲ್ ಎಂದಿನಂತೆ ಸಾಲುಗಳಾಗಿಯೇ ಇರುತ್ತದೆ. ಕಾಲಮ್ಮುಗಳಾಗಿ ಬಿಡಿಸಿದ ಅದರ ನಕಲು ಮೆಮೊರಿಯಲ್ಲಿ ಕೂರುತ್ತದೆ. ಈ ನಕಲು ತುಂಡು ತುಂಡಾಗಿದ್ದು, ಪ್ರತಿ ತುಂಡಿನಲ್ಲೂ ಆಯಾ ಕಾಲಮ್ಮಿನ ಕನಿಷ್ಠ ಮತ್ತು ಗರಿಷ್ಠ ಮೌಲ್ಯವನ್ನು ಬರೆದಿಟ್ಟಿರುತ್ತದೆ. ಹತ್ತು ಲಕ್ಷ ಮೀರಿದ ಠೇವಣಿಗಳನ್ನು ಕೇಳಿದಾಗ, ಗರಿಷ್ಠವೇ ಎಂಟು ಲಕ್ಷವಿರುವ ತುಂಡಿನ ಒಳಗೆ ಹುಡುಕುವ ಪ್ರಶ್ನೆಯೇ ಇಲ್ಲ. ನಡುವೆ ಯಾರೋ ಹಣ ತೆಗೆದರೆ? ನಕಲಿನಲ್ಲಿ ಆ ಸಾಲು ಹಳತಾಯಿತೆಂದು ಗುರುತು ಬೀಳುತ್ತದೆ, ಅದನ್ನು ಮೂಲದಿಂದಲೇ ಓದಲಾಗುತ್ತದೆ. ಹಳತು ಹೆಚ್ಚಾದ ತುಂಡನ್ನು ಡೇಟಾಬೇಸ್ ಸದ್ದಿಲ್ಲದೆ ಹೊಸದಾಗಿ ಕಟ್ಟುತ್ತದೆ.

ತೊಡಕು ಜಾಗದ್ದು. ಮೆಮೊರಿಯಿಂದ ಒಂದು ಮೌಲ್ಯ ಸಿಗಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ತಿರುಗುವ ಹಾರ್ಡ್ ಡಿಸ್ಕಿನಿಂದ ಸುಮಾರು 10 ಮಿಲಿಸೆಕೆಂಡ್ ಬೇಕು. ಲಕ್ಷ ಪಟ್ಟು ಅಂತರ. ಮೊದಲನೆಯದು ಒಂದು ಸೆಕೆಂಡಿನ ಕೆಲಸ ಎಂದುಕೊಂಡರೆ ಎರಡನೆಯದಕ್ಕೆ ಒಂದು ಹಗಲು, ಒಂದು ರಾತ್ರಿ ಕಳೆದು ಇನ್ನೂ ಮೂರು ತಾಸು ಮೀರುತ್ತದೆ. ಎಲ್ಲರಿಗೂ ಮೆಮೊರಿಯೇ ಬೇಕು, ಆದರೆ ಅದು ದುಬಾರಿ. 12ಸಿಯಲ್ಲಿ ಯಾವ ಟೇಬಲ್ಲಿಗೆ ಈ ಭಾಗ್ಯ ಎಂಬುದನ್ನು ಡಿಬಿಎ, ಅಂದರೆ ಡೇಟಾಬೇಸ್ ನೋಡಿಕೊಳ್ಳುವವರು, ಕೈಯಾರೆ ಗುರುತು ಹಾಕಿ ಹೇಳಬೇಕಿತ್ತು. ಯಾವುದೋ ವರದಿಗೆಂದು ಒಳಗೆ ಬಂದ ಟೇಬಲ್, ಆ ವರದಿಯನ್ನು ಕೇಳುವವರೇ ಇಲ್ಲವಾದ ಮೇಲೂ ಅಲ್ಲೇ ಉಳಿಯುತ್ತಿತ್ತು. ಜಾಗ ತುಂಬಿದರೆ ಹೊಸಬರು ಹೊರಗೆ ಕಾಯಬೇಕು. ಕಾರ್ಯಕ್ರಮ ಮುಗಿದರೂ ಮುಂದಿನ ಸಾಲಿನ ಕುರ್ಚಿ ಬಿಡದ ಅತಿಥಿಗಳನ್ನು ಎಬ್ಬಿಸುವ ಧೈರ್ಯ ಯಾರಿಗಿದೆ?

ಯಾರನ್ನು ಎಬ್ಬಿಸಬೇಕು ಎಂಬ ಪ್ರಶ್ನೆ ಕಂಪ್ಯೂಟರ್ ವಿಜ್ಞಾನಕ್ಕೆ ಹಳೆಯದು. ಇನ್ನು ಅತಿ ಹೆಚ್ಚು ಕಾಲ ಯಾವುದು ಬೇಡವೋ ಅದನ್ನೇ ತೆಗೆಯುವುದು ಆದರ್ಶ ಎಂದು 1966ರಲ್ಲೇ ಐಬಿಎಂನ ಲಾಸ್ಲೊ ಬೆಲಾಡಿ ತೋರಿಸಿದ್ದರು. ಆದರೆ ಅದಕ್ಕೆ ಭವಿಷ್ಯ ಗೊತ್ತಿರಬೇಕು! ಗೊತ್ತಿಲ್ಲದವರು ಭೂತಕಾಲವನ್ನು ನೋಡಿ ಅಂದಾಜು ಮಾಡುತ್ತಾರೆ: ಯಾವುದನ್ನು ಮುಟ್ಟಿ ಬಹಳ ಹೊತ್ತಾಯಿತೋ ಅದನ್ನು ತೆಗೆ. ಈ ಸರಳ ಸೂತ್ರಕ್ಕೆ ಒಂದು ದೌರ್ಬಲ್ಯವಿದೆ. ಯಾರಾದರೂ ಒಂದು ದೊಡ್ಡ ಟೇಬಲ್ಲನ್ನು ಒಮ್ಮೆ ಪೂರ್ತಿ ಓದಿದರೆ, ಮತ್ತೆಂದೂ ಬೇಡವಾದ ಸಾಲುಗಳೇ ಮೆಮೊರಿಯನ್ನೆಲ್ಲ ತುಂಬಿ, ದಿನವೂ ಬೇಕಾದವು ಹೊರಗೆ ಬೀಳುತ್ತವೆ. ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ದತ್ತಾಂಶವನ್ನು ಇಟ್ಟು ತೆಗೆಯುವ ಭಾಗವಾದ ಇನ್ನೊಡಿಬಿ ಇದಕ್ಕೆ ಜಾಣ ಉಪಾಯ ಮಾಡಿದೆ. ಅಲ್ಲಿ ಹೊಸದಾಗಿ ಬಂದ ಪುಟಗಳು, ಅಂದರೆ ದತ್ತಾಂಶದ ತುಂಡುಗಳು, ಬಳಕೆಯ ಕ್ರಮದಲ್ಲಿ ಜೋಡಿಸಿದ ಪಟ್ಟಿಯ ತಲೆಗೆ ಹೋಗುವುದಿಲ್ಲ. ಪಟ್ಟಿಯ ಹಿಂದಿನ ಸುಮಾರು 3/8 ಭಾಗದ ಬಾಗಿಲಲ್ಲಿ ನಿಂತು, ಮತ್ತೆ ಯಾರಾದರೂ ಕೇಳಿದರೆ ಮಾತ್ರ ಮೇಲೇರುತ್ತವೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸಿನ ಕಥೆ ಇನ್ನೂ ಸ್ವಾರಸ್ಯದ್ದು. 2005ರ ಜನವರಿಯಲ್ಲಿ ಬಂದ 8.0 ಆವೃತ್ತಿ ಎಆರ್‌ಸಿ ಎಂಬ ಸೊಗಸಾದ ವಿಧಾನವನ್ನು ಅಳವಡಿಸಿಕೊಂಡಿತ್ತು. ಐಬಿಎಂನ ಪೇಟೆಂಟ್ ಭೀತಿಯಿಂದ ಕೆಲವೇ ತಿಂಗಳಲ್ಲಿ, 8.0.2ರಲ್ಲಿ, ಅದನ್ನು ಕಿತ್ತುಹಾಕಬೇಕಾಯಿತು. ಗಣಿತ ಒಪ್ಪಿದ್ದನ್ನು ವಕೀಲರು ಒಪ್ಪಲಿಲ್ಲ.

ಒರಾಕಲ್ 2018ರ ಆವೃತ್ತಿಯಾದ 18ಸಿಯಲ್ಲಿ ಎಬ್ಬಿಸುವ ಕೆಲಸವನ್ನು ಡೇಟಾಬೇಸಿಗೇ ವಹಿಸಿತು. ಯಾವ ಟೇಬಲ್ಲನ್ನು ಎಷ್ಟು ಬಳಸಲಾಗುತ್ತಿದೆ ಎಂಬ ಲೆಕ್ಕವನ್ನು ಅದು ಸದಾ ಇಟ್ಟುಕೊಂಡಿರುತ್ತದೆ. ಜಾಗ ಸಾಲದಾದಾಗ ತಣ್ಣಗಾದದ್ದನ್ನು ಹೊರಗೆ ಕಳಿಸುತ್ತದೆ. ತಿಂಗಳಿಗೊಂದು ಭಾಗವಾಗಿ ವಿಂಗಡಿಸಿದ ಟೇಬಲ್ಲಿನಲ್ಲಿ ಒಂದೊಂದು ಭಾಗಕ್ಕೂ ಬೇರೆ ತೀರ್ಮಾನ: ಈ ತಿಂಗಳದ್ದು ಒಳಗೆ, ಹೋದ ವರ್ಷದ್ದು ಹೊರಗೆ. 21ಸಿ ಆವೃತ್ತಿಯಲ್ಲಿ ಬಂದ, ಈ ಸ್ವಯಂಚಾಲನೆಯ ಗರಿಷ್ಠ ಹಂತವನ್ನು ಆರಿಸಿಕೊಂಡರೆ ಮೊದಲ ಗುರುತು ಹಾಕುವ ಕೆಲಸವೂ ಡಿಬಿಎಗೆ ಉಳಿಯುವುದಿಲ್ಲ. ತರುವುದು, ಒತ್ತಿ ಕಿರಿದಾಗಿಸುವುದು, ಕಳಿಸುವುದು ಎಲ್ಲವೂ ಯಂತ್ರದ್ದೇ.

ಯಂತ್ರ ಇಲ್ಲಿ ಮನುಷ್ಯನಿಗಿಂತ ಜಾಣನೆಂದೇನೂ ನನಗೆ ಅನಿಸುವುದಿಲ್ಲ. ಅದಕ್ಕೆ ಬೇಸರವಿಲ್ಲ, ಅಷ್ಟೆ. ಎಷ್ಟೋ ಟೇಬಲ್ಲುಗಳ ಬಳಕೆಯನ್ನು ಹಗಲಿರುಳು ಎಣಿಸಲು ಯಾವ ಡಿಬಿಎಗೂ ಆಗದು. ಆದರೆ ಮಾರ್ಚ್ 31 ಎಂದರೇನೆಂದು ಆ ಎಣಿಕೆಗೆ ತಿಳಿಯದು. ಎಷ್ಟು ದಿನಗಳ ಬಳಕೆಯನ್ನು ಪರಿಗಣಿಸಬೇಕೆಂದು ನಾವು ಹೇಳಬಹುದು. ವರ್ಷಕ್ಕೊಮ್ಮೆ ಲೆಕ್ಕಪತ್ರ ಮುಗಿಸುವಾಗ ಮಾತ್ರ ಬೇಕಾಗುವ ಟೇಬಲ್ ಅಂಥ ಕೆಲವು ದಿನಗಳ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಅಂಥದ್ದಕ್ಕೆ ಆದ್ಯತೆಯ ಗುರುತು ಇದೆ. ಡಿಬಿಎ ಆದ್ಯತೆ ಕೊಟ್ಟ ಟೇಬಲ್ಲನ್ನು ಸ್ವಯಂಚಾಲಿತ ವ್ಯವಸ್ಥೆ ಹೊರಹಾಕುವುದಿಲ್ಲ. ಸಾಮಾನ್ಯ ದಿನಗಳನ್ನು ಯಂತ್ರಕ್ಕೆ ಬಿಟ್ಟು, ಮಾರ್ಚ್ ಕೊನೆಯ ವಾರ ಆ ಗುರುತು ಹಾಕಿ, ಏಪ್ರಿಲ್‌ನಲ್ಲಿ ಕೆಲಸ ಮುಗಿದ ಮೇಲೆ ಮರೆಯದೆ ತೆಗೆದರಾಯಿತು.